ಮನೆಯಂಗಳದ ಕಲ್ಪನೆಯ ಆಟ: ಆರು ವರ್ಷದೊಳಗಿನ ಮಕ್ಕಳ ಪೋಷಕರ ಗಮನಕ್ಕೆ

ಮಣ್ಣನ್ನು ತಟ್ಟಿ ರೊಟ್ಟಿ ಎನ್ನುವ, ಜೋಳದ ದಂಟನ್ನು ಎತ್ತೆಂದು ಹೊಡೆಯುವ ಮಗು ಕಾಲಹರಣ ಮಾಡುತ್ತಿಲ್ಲ, ಕಲಿಯುತ್ತಿದೆ. ಬಸವಕಲ್ಯಾಣ ಮತ್ತು ಹುಮನಾಬಾದ ತಾಲ್ಲೂಕುಗಳ ಗ್ರಾಮಗಳಲ್ಲಿ ಅಂಗನವಾಡಿಯ ವೇಳೆ ಮುಗಿದ ನಂತರ ಮಗುವಿನ ದಿನ ಮನೆಯಲ್ಲಿಯೇ ಕಳೆಯುತ್ತದೆ. ಆ ಹೊತ್ತು ಮೊಬೈಲಿನ ಪಾಲಾಗದಿರಲು ಇಂತಹ ಆಟಗಳೇ ಸುಲಭದ ದಾರಿ. ಎರಡರಿಂದ ನಾಲ್ಕು ವರ್ಷದ ಮಕ್ಕಳು ಕುಳಿತು ಪರದೆ ನೋಡುವ ಸಮಯ ದಿನಕ್ಕೆ 1 ಗಂಟೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ.

ಆಟದಿಂದಾಗುವ ಕಲಿಕೆ

ದಂಟು ಎತ್ತಾದಾಗ ಮಗು ವಸ್ತುವಿನಿಂದ ಅರ್ಥವನ್ನು ಬೇರ್ಪಡಿಸುತ್ತದೆ. ರಷ್ಯಾದ ಮನೋವಿಜ್ಞಾನಿ ಲೆವ್ ವೈಗೋಟ್‌ಸ್ಕಿ 1933ರ ಉಪನ್ಯಾಸದಲ್ಲಿ ಇದನ್ನು ಕೋಲುಕುದುರೆಯ ನಿದರ್ಶನದಿಂದ ವಿವರಿಸಿದ್ದರು. ಒಂದು ವಸ್ತು ಮತ್ತೊಂದನ್ನು ಸೂಚಿಸಬಲ್ಲದೆಂಬ ಈ ತಿಳಿವಳಿಕೆ ಮುಂದೆ ಅಕ್ಷರ ಮತ್ತು ಅಂಕಿಗಳ ಕಲಿಕೆಗೆ ನೆರವಾಗುತ್ತದೆ.

ಮನೆಯಲ್ಲಿ ಆಡಿಸಬಹುದಾದ ಆಟಗಳು

1. ಬಸ್ಸಿನ ಆಟ: ಮಣೆಗಳನ್ನು ಸಾಲಾಗಿಟ್ಟರೆ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬಸ್ಸು ಸಿದ್ಧ. ಕಂಡಕ್ಟರಾದ ಮಗು ಎಲ್ಲರಿಗೂ ಟಿಕೆಟ್ ಕೊಡುವವರೆಗೆ ‘ರೈಟ್’ ಎನ್ನದೆ ಕಾಯುತ್ತದೆ. ತಾಳ್ಮೆ ಹೀಗೆ ರೂಢಿಯಾಗುತ್ತದೆ.

2. ಅಂಗಡಿಯ ಆಟ: ಎಲೆಗಳೇ ನೋಟು, ತೆಂಗಿನ ಚಿಪ್ಪೇ ತಕ್ಕಡಿ. ಎಣಿಕೆ ಮತ್ತು ಹೆಚ್ಚು-ಕಡಿಮೆಯ ಅರಿವು ಬೆಳೆಯುತ್ತದೆ.

3. ಕಾಯಕದ ಆಟ: 12ನೇ ಶತಮಾನದಲ್ಲಿ ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ ಮೊದಲಾದ ಶರಣರು ಕಾಯಕವನ್ನು ಗೌರವಿಸಿದ ನೆಲ ಕಲ್ಯಾಣ. ಇಲ್ಲಿ ಯಾವ ಕೆಲಸದ ನಟನೆಯನ್ನೂ ಕೀಳೆಂದು ತಡೆಯಬಾರದು. ಹುಡುಗ ರೊಟ್ಟಿ ಬಡಿಯಲಿ, ಹುಡುಗಿ ಟ್ರ್ಯಾಕ್ಟರ್ ಓಡಿಸಲಿ.

ಹಿರಿಯರ ಪಾತ್ರ

ದಿನಕ್ಕೆ ಹತ್ತು ನಿಮಿಷ ಜೊತೆಗೂಡಿದರೂ ಪ್ರಯೋಜನವಿದೆ. ಮಗು ಕೊಟ್ಟ ಖಾಲಿ ಲೋಟವನ್ನು ಬಾಯಿಗಿಟ್ಟಂತೆ ಮಾಡಿ “ಚಹಾಕ್ಕೆ ಸಕ್ಕರೆ ಕಡಿಮೆಯಾಯಿತು” ಎಂದರೆ ಆಟ ಬೆಳೆಯುತ್ತದೆ, ಮಾತೂ ಬೆಳೆಯುತ್ತದೆ. ಮನೆಮಾತು ಕನ್ನಡ, ಉರ್ದು, ಮರಾಠಿ, ಲಂಬಾಣಿ ಯಾವುದಿದ್ದರೂ ಅದರಲ್ಲಿಯೇ ಮಾತನಾಡಿಸುವುದು ಒಳ್ಳೆಯದು.

ಎಚ್ಚರಿಕೆ

ಕೀಟನಾಶಕದ ಖಾಲಿ ಡಬ್ಬಿ, ಬಾಟಲಿಗಳನ್ನು ತೊಳೆದ ಮೇಲೆಯೂ ಆಟಕ್ಕೆ ಕೊಡಬಾರದು. ಅಡುಗೆ ಆಟದ ಪಾತ್ರೆ ಮಗುವಿನ ಬಾಯಿಗೆ ಹೋಗುತ್ತದೆಂಬುದನ್ನು ಮರೆಯುವಂತಿಲ್ಲ. ತೊಗರಿ ಕಾಳು, ಗುಂಡಿಗಳನ್ನು ಚಿಕ್ಕ ಮಕ್ಕಳಿಂದ ದೂರವಿಡತಕ್ಕದ್ದು. ನೀರಿನ ತೊಟ್ಟಿಯ ಬಳಿ ಮಕ್ಕಳನ್ನು ಒಂಟಿಯಾಗಿ ಬಿಡಬಾರದು.

ಮೂರು ವರ್ಷ ತುಂಬಿದರೂ ಮಗು ಇಂತಹ ಆಟ ಆಡದಿದ್ದರೆ ಅಥವಾ ಕರೆದರೆ ಓಗೊಡದಿದ್ದರೆ ಗದರಿಸದೆ, ತಡಮಾಡದೆ ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯರಿಗೆ ತಿಳಿಸಿ ವೈದ್ಯರಿಂದ ತಪಾಸಣೆ ಮಾಡಿಸತಕ್ಕದ್ದು. ಓದಲು ಬಾರದ ಪೋಷಕರಿಗೆ ಈ ಮಾಹಿತಿಯನ್ನು ತಾಯಂದಿರ ಸಭೆಗಳಲ್ಲಿ ಓದಿ ಹೇಳುವುದು.