ಗುಡಿಗೆ ಹೊಸದಾಗಿ ಬಂದವರು

ದೇವಸ್ಥಾನಕ್ಕೆ ಹೋಗುವ ಕ್ರಮವನ್ನು ನಮ್ಮಲ್ಲಿ ಯಾರೂ ಯಾರಿಗೂ ಪಾಠಮಾಡಿ ಕಲಿಸುವ ವಾಡಿಕೆಯಿಲ್ಲ. ತಾಯಿಯ ಕಂಕುಳಲ್ಲಿ ಕುಳಿತು ಗಂಟೆಯನ್ನು ಮುಟ್ಟಲು ಕೈಚಾಚಿದ ಮಗು, ಪಾದರಕ್ಷೆಯನ್ನು ಎಲ್ಲಿ ಬಿಡಬೇಕು, ಎಲ್ಲಿ ನಮಸ್ಕರಿಸಬೇಕು, ತೀರ್ಥವನ್ನು ಯಾವ ಕೈಯಲ್ಲಿ ತೆಗೆದುಕೊಳ್ಳಬೇಕು ಎಂಬುದನ್ನೆಲ್ಲ ಕಾಲಕ್ರಮದಲ್ಲಿ ತಾನಾಗಿಯೇ ಅರಿತುಕೊಳ್ಳುತ್ತದೆ. ಹೀಗೆ ಅರಿತವರಿಗೆ, ಅರಿಯದೆ ಬಂದವರ ಸಂಕೋಚವು ಸುಲಭವಾಗಿ ಅರ್ಥವಾಗದು. ಆದರೆ ಹೊಸಬರು ಬರುತ್ತಲೇ ಇದ್ದಾರೆ. ದೂರದೇಶದಿಂದ ಶಿಲ್ಪವನ್ನು ನೋಡಬಂದವರುಂಟು. ಪಟ್ಟಣದಲ್ಲಿ ಬೆಳೆದು, ಮನೆಯ ಆಚಾರಗಳ ಪರಿಚಯ ತಪ್ಪಿಹೋದ ತರುಣರುಂಟು. ಹಿರಿಯರು ಒಳಗೆ ಕಾಲಿಡಲಾಗದೆ ಬೀದಿಯಲ್ಲೇ ನಿಂತು ಕೈಮುಗಿದು ಹೋದ ಮನೆತನಗಳ ಮಕ್ಕಳೂ ಉಂಟು. ಇವರೆಲ್ಲರಿಗೂ ಒಳಗೆ ಎದುರಾಗುವುದು ಏನು, ಅದರ ಅರ್ಥವೇನು ಎಂಬುದನ್ನು ಶ್ರೋತೃಗಳಿಗೆ ತಿಳಿಯಹೇಳುವುದೇ ಈ ಭಾಷಣದ ಉದ್ದೇಶ.

ನಿದರ್ಶನಕ್ಕಾಗಿ ಬೇಲೂರಿನ ಚೆನ್ನಕೇಶವ ದೇವಾಲಯವನ್ನು ತೆಗೆದುಕೊಳ್ಳೋಣ. ಹೊಯ್ಸಳ ದೊರೆ ವಿಷ್ಣುವರ್ಧನನು 1117ರಲ್ಲಿ ಇಲ್ಲಿ ದೇವರನ್ನು ಪ್ರತಿಷ್ಠೆಮಾಡಿಸಿದನು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಒಟ್ಟಾಗಿ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದುವು. ಆದರೆ ಒಂದು ವ್ಯತ್ಯಾಸವುಂಟು. ಸೋಮನಾಥಪುರದ ಕೇಶವಾಲಯದಲ್ಲಿ ಪೂಜೆ ನಿಂತುಹೋಗಿದೆ; ಬೇಲೂರಿನಲ್ಲಿ ಅದು ಇಂದಿಗೂ ನಡೆಯುತ್ತಿದೆ. ಆದಕಾರಣ ಸೋಮನಾಥಪುರಕ್ಕೆ ಹೋದವನು ಪ್ರೇಕ್ಷಕನಾಗಿದ್ದರೆ ಸಾಕು. ಬೇಲೂರಿಗೆ ಹೋದವನು ಪ್ರೇಕ್ಷಕನೂ ಹೌದು, ಅತಿಥಿಯೂ ಹೌದು.

ಗೋಪುರದ ಬಳಿ ಪಾದರಕ್ಷೆಗಳನ್ನು ಬಿಟ್ಟು ಒಳಗೆ ಬಂದೊಡನೆ ಕಲ್ಲು ಹಾಸಿದ ವಿಶಾಲವಾದ ಅಂಗಳ. ಅಲ್ಲಿ, ಗುಡಿಯ ಬಾಗಿಲಿಗೆ ಎದುರಾಗಿ, ಗರುಡನು ಕೈಮುಗಿದು ನಿಂತಿದ್ದಾನೆ. ಏನು ಮಾಡಬೇಕೆಂದು ತೋಚದ ಹೊಸಬನಿಗೆ ಅವನೇ ಮೊದಲ ಉಪಾಧ್ಯಾಯ. ವಿಷ್ಣುವಿನ ಗುಡಿಯಲ್ಲಿ ಗರುಡ, ಶಿವನ ಗುಡಿಯಲ್ಲಿ ನಂದಿ; ದೇವರ ವಾಹನವು ಸದಾ ದೇವರನ್ನೇ ನೋಡುತ್ತಿರುವುದರಿಂದ, ಅದರ ದೃಷ್ಟಿ ಹರಿದತ್ತ ನಡೆದವನು ದಾರಿ ತಪ್ಪುವುದಿಲ್ಲ.

ದೇವಾಲಯವು ಎತ್ತರವಾದ ಜಗತಿಯ ಮೇಲೆ ನಿಂತಿದೆ. ಜಗತಿಯ ಮೇಲೆ ಬಲಕ್ಕೆ ಸುತ್ತಿಬರಲು ಅವಕಾಶವಿದೆ. ಇದೇ ಪ್ರದಕ್ಷಿಣೆ. ಪೂಜ್ಯವಾದುದು ನಮ್ಮ ಬಲಗೈಯ ಕಡೆಗೆ ಇರಬೇಕೆಂಬುದೇ ಇದರ ನಿಯಮ. ಹೀಗೆ ಸುತ್ತುವಾಗ ಗೋಡೆಯ ಕೆಳಗಿನ ಸಾಲಿನಲ್ಲಿ ಆನೆಗಳು, ಮೇಲೆ ಬಳ್ಳಿಗಳು, ವಾದ್ಯಗಾರರು, ಪುರಾಣೇತಿಹಾಸಗಳ ಪ್ರಸಂಗಗಳು, ಸೂರಿನ ಕೆಳಗೆ ಮದನಿಕೆಯರು ಕಾಣುತ್ತಾರೆ. ಒಬ್ಬಳು ಕನ್ನಡಿ ನೋಡಿಕೊಳ್ಳುತ್ತಾಳೆ, ಇನ್ನೊಬ್ಬಳು ನರ್ತಿಸುತ್ತಾಳೆ. ದೇವರ ಮನೆಯ ಗೋಡೆಯ ಮೇಲೆ ಇಷ್ಟೊಂದು ಲೌಕಿಕವೇಕೆ ಎಂದು ಹೊಸಬನು ಕೇಳುವುದು ಸಹಜ. ಒಳಗೆ ಹೋದರೆ ಉತ್ತರವು ತಾನಾಗಿಯೇ ಹೊಳೆಯುತ್ತದೆ.

ಒಳಗಿನದು ನವರಂಗ. ಕಂಬಗಳ ನಡುವೆ ಬೆಳಕು ಕಡಿಮೆ. ಅದರಾಚೆ ಸುಕನಾಸಿ, ಅಲ್ಲಿ ಬೆಳಕು ಇನ್ನೂ ಕಡಿಮೆ. ಅದರಾಚೆ ಗರ್ಭಗುಡಿ, ಅಲ್ಲಿ ಕಿಟಕಿಯೇ ಇಲ್ಲ, ದೀಪ ಮಾತ್ರ. ಹೊರಗೆ ಸಾವಿರ ರೂಪಗಳು, ಒಳಗೆ ಒಂದೇ ರೂಪ. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣದು. ಕೆಲವು ನಿಮಿಷ ಸುಮ್ಮನೆ ನಿಂತರೆ ಆಳೆತ್ತರದ ಮೂರ್ತಿಯು ಕತ್ತಲೆಯಿಂದ ಮೆಲ್ಲಮೆಲ್ಲನೆ ಮೂಡಿಬರುತ್ತದೆ. ಅವಸರಪಟ್ಟು ಹೊರಬಂದವನು ಗೋಡೆಯನ್ನು ಕಂಡನೇ ಹೊರತು ದೇವರನ್ನು ಕಾಣಲಿಲ್ಲ. ಮಂಗಳಾರತಿಯ ವೇಳೆಗೆ ಜನರೆಲ್ಲ ಕತ್ತೆತ್ತಿ ನೋಡುವುದಕ್ಕೂ ಇದೇ ಕಾರಣ. ದರ್ಶನವೆಂದರೆ ನೋಡುವುದು, ತಾನು ದೇವರನ್ನು ನೋಡುವುದಷ್ಟೇ ಅಲ್ಲ, ದೇವರ ದೃಷ್ಟಿ ತನ್ನ ಮೇಲೆ ಬೀಳುವುದೆಂದೂ ಭಕ್ತನ ಭಾವನೆ.

ಆರತಿಯಾದ ಮೇಲೆ ತಟ್ಟೆ ಹೊರಗೆ ಬರುತ್ತದೆ. ಜ್ವಾಲೆಯ ಮೇಲೆ ಅಂಗೈಗಳನ್ನು ಹಿಡಿದು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಬಳಿಕ ತೀರ್ಥ. ಬಲಗೈಯನ್ನು ಬಟ್ಟಲಿನಂತೆ ಮಡಿಸಿ, ಎಡಗೈಯನ್ನು ಅದರ ಕೆಳಗೆ ಆಸರೆಯಾಗಿ ಇಟ್ಟುಕೊಂಡರೆ ಸಾಕು. ತುಳಸಿ ಬಂದಾಗಲೂ ಬಲಗೈಯನ್ನೇ ಮುಂದೆ ಮಾಡಬೇಕು. ಶಿವಾಲಯವಾದರೆ ತುಳಸಿಗೆ ಬದಲಾಗಿ ಬಿಲ್ವ, ವಿಭೂತಿ. ಅರ್ಚನೆ ಮಾಡಿಸುವವರನ್ನು ಅರ್ಚಕರು ಹೆಸರು, ನಕ್ಷತ್ರ, ಗೋತ್ರಗಳನ್ನು ಕೇಳುವುದುಂಟು. ಹೊಸಬನು ಕಕ್ಕಾಬಿಕ್ಕಿಯಾಗುವುದು ಇಲ್ಲಿಯೇ. ಗೋತ್ರ ತಿಳಿಯದು ಎಂದು ನೇರವಾಗಿ ಹೇಳಿದರೆ ತಪ್ಪೇನೂ ಇಲ್ಲ. ಹೆಸರೊಂದರಿಂದಲೇ ಅರ್ಚನೆಯನ್ನು ನಡೆಸಿಕೊಡುವ ಅರ್ಚಕರು ಬೇಕಾದಷ್ಟು ಮಂದಿ ಇದ್ದಾರೆ. ಅರ್ಚನೆಯನ್ನು ಮಾಡಿಸಲೇಬೇಕೆಂಬ ನಿರ್ಬಂಧವೂ ಇಲ್ಲ. ಬರಿಗೈಯಲ್ಲಿ ಬಂದು, ನೋಡಿ, ಕೈಮುಗಿದು ಹೋದರೂ ದರ್ಶನವು ಪೂರ್ಣವೇ.

ವಿಷ್ಣ್ವಾಲಯಗಳಲ್ಲಿ ತೀರ್ಥವಾದ ಮೇಲೆ ಕಿರೀಟದಂಥ ಲೋಹದ ಪಾತ್ರೆಯೊಂದನ್ನು ತಲೆಯ ಮೇಲೆ ಇಟ್ಟು ತೆಗೆಯುತ್ತಾರೆ. ಅದೇ ಶಠಾರಿ ಅಥವಾ ಶಠಕೋಪ. ಅದರ ಮೇಲೆ ಭಗವಂತನ ಪಾದಗಳ ಗುರುತಿರುತ್ತದೆ. ತಲೆ ಬಾಗಿಸಿದವನ ಮೇಲೆ ದೇವರು ತನ್ನ ಪಾದವನ್ನು ಇಟ್ಟನೆಂದು ಇದರ ಭಾವ. ಶಠಕೋಪನೆಂಬುದು ನಮ್ಮಾಳ್ವಾರರ ಹೆಸರು. ಶ್ರೀವೈಷ್ಣವರು ಕುಲಪತಿಯೆಂದು ಪೂಜಿಸುವ ಈ ಮಹಾನುಭಾವರು ವೇಳಾಳರ ಕುಲದಲ್ಲಿ, ಎಂದರೆ ಬ್ರಾಹ್ಮಣೇತರರಲ್ಲಿ, ಹುಟ್ಟಿದವರೆಂದು ಸಂಪ್ರದಾಯವೇ ಹೇಳುತ್ತದೆ. ಪಂಡಿತನ ತಲೆಯಾಗಲಿ ಪಾಮರನ ತಲೆಯಾಗಲಿ, ಬಾಗಬೇಕಾದುದು ಈ ಹೆಸರಿನ ಕೆಳಗೆ. ಇಂಥ ತತ್ತ್ವವನ್ನು ಒಳಗಿಟ್ಟುಕೊಂಡ ಗುಡಿಗಳ ಬಾಗಿಲೇ ಶತಮಾನಗಳ ಕಾಲ ಅನೇಕರಿಗೆ ಮುಚ್ಚಿತ್ತೆಂಬುದನ್ನು ಮರೆಯುವಂತಿಲ್ಲ.

ಮೇಲುಕೋಟೆಯಲ್ಲಿ ವರ್ಷಕ್ಕೆ ಮೂರು ದಿನ ಹೊಲೆಯರಿಗೆ ಗುಡಿಯ ಪ್ರವೇಶವಿತ್ತು. ರಾಮಾನುಜಾಚಾರ್ಯರು ಅವರನ್ನು ತಿರುಕುಲದವರೆಂದು ಕರೆದು ಈ ಹಕ್ಕನ್ನು ಕೊಟ್ಟರೆಂದು ಸಂಪ್ರದಾಯ. ಮೂರು ದಿನಗಳು ತೆರೆದುದು ದೊಡ್ಡದೇ. ಉಳಿದ ದಿನಗಳು ಮುಚ್ಚಿದ್ದುದೂ ಅಷ್ಟೇ ದೊಡ್ಡದು. ತಿರುವಾಂಕೂರಿನ ಮಹಾರಾಜರು 1936ರ ನವೆಂಬರ್ 12ರಂದು ಘೋಷಣೆಯನ್ನು ಹೊರಡಿಸಿ, ಸಂಸ್ಥಾನದ ದೇವಾಲಯಗಳನ್ನು ಎಲ್ಲ ಹಿಂದುಗಳಿಗೂ ತೆರೆದರು. ಮದರಾಸು ಪ್ರಾಂತ್ಯದಲ್ಲಿ 1947ರಲ್ಲಿ ದೇವಾಲಯಪ್ರವೇಶದ ಕಾನೂನು ಬಂತು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಸಾರ್ವಜನಿಕ ಹಿಂದೂ ದೇವಾಲಯಗಳನ್ನು ಹಿಂದುಗಳ ಎಲ್ಲ ವರ್ಗಗಳಿಗೂ ತೆರೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ದಕ್ಷಿಣ ಕನ್ನಡದ ಮೂಲ್ಕಿಯ ವೆಂಕಟರಮಣ ದೇವಾಲಯದ ವ್ಯಾಜ್ಯವು 1957ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಒಂದು ಪಂಗಡಕ್ಕೆ ಸೇರಿದ ಗುಡಿಯಾದರೂ ಅದು ಸಾರ್ವಜನಿಕವಾಗಿದ್ದರೆ, ಕೆಲವು ವಿಶೇಷ ಸೇವೆಗಳ ಸಮಯವನ್ನುಳಿದು, ಯಾವ ವರ್ಗದ ಹಿಂದುವನ್ನೂ ದರ್ಶನದಿಂದ ಪೂರ್ತಿಯಾಗಿ ಹೊರಗಿಡಲಾಗದೆಂದು ನ್ಯಾಯಾಧೀಶರು ತೀರ್ಪಿತ್ತರು. ಅನ್ಯಮತೀಯರ ಮಾತು ಬೇರೆ. ಪುರಿಯ ಜಗನ್ನಾಥ, ಗುರುವಾಯೂರು ಮೊದಲಾದ ಕಡೆ ಅವರಿಗೆ ಪ್ರವೇಶವಿಲ್ಲ. ಬೇಲೂರಿನಲ್ಲಿ ಅಂಥ ತಡೆಯಿಲ್ಲ.

ಹೀಗೆ ಕಾನೂನು ಬಾಗಿಲನ್ನು ತೆರೆಯಬಲ್ಲುದು. ಒಳಗೆ ಬಂದವನ ಸಂಕೋಚವನ್ನು ತೆಗೆಯಲಾರದು. ಹಳ್ಳಿಗಳಲ್ಲಿ ಇಂದಿಗೂ ಕೆಲವು ಹೊಸ್ತಿಲುಗಳ ಮುಂದೆ ಜಗಳಗಳು ನಡೆಯುತ್ತಿರುವುದು ಸುಳ್ಳಲ್ಲ. ಅಲ್ಲಿ ಜಗಳವಾದರೆ, ಪಟ್ಟಣದ ಗುಡಿಗಳಲ್ಲಿ ಒಂದು ನೋಟವೇ ಅದೇ ಕೆಲಸವನ್ನು ಮಾಡುತ್ತದೆ. ಎಡಗೈ ಚಾಚಿದವನನ್ನೂ, ಅಪ್ರದಕ್ಷಿಣವಾಗಿ ಹೊರಟವನನ್ನೂ, ಗೋತ್ರ ಹೇಳಲಾರದವನನ್ನೂ ಬಲ್ಲವರು ತಿರುಗಿ ನೋಡುವ ಆ ನೋಟ. ಹಿರಿಯರ ಕಾಲದಿಂದ ಹೊರಗೆ ನಿಂತು, ಈಗ ಮೊದಲಬಾರಿಗೆ ಒಳಗೆ ಬಂದವನಿಗೆ, ಮುಚ್ಚಿದ ಬಾಗಿಲಿಗೂ ಈ ನೋಟಕ್ಕೂ ಏನು ಭೇದ ಕಂಡೀತು?

ಆದುದರಿಂದ ನಗರವಾಸಿಗಳಾದ ವಿದ್ಯಾವಂತರಲ್ಲಿ ಒಂದು ವಿಜ್ಞಾಪನೆ. ಮುಂದಿನ ಸಲ ಗುಡಿಯಲ್ಲಿ ತೊಡಕುಗೊಂಡು ನಿಂತವರನ್ನು ಕಂಡಾಗ, ಊರು ಯಾವುದು, ಜನ ಯಾರು ಎಂದು ವಿಚಾರಿಸದಿರಿ. “ಹೀಗೆ ಬನ್ನಿ, ಇಲ್ಲಿಂದ ಚೆನ್ನಾಗಿ ಕಾಣುತ್ತದೆ” ಎಂದು ಹೇಳಿ, ನಿಂತ ಸ್ಥಳದಿಂದ ಎರಡು ಹೆಜ್ಜೆ ಸರಿದು, ಅವರಿಗೆ ಎಡೆಮಾಡಿಕೊಡಿ.