ಜೀಪಿನ ಹೊಸ್ತಿಲು ಕಾಯುವ ಪೈಪು

ಜೀಪಿನ ಬಾಗಿಲು ತೆಗೆದು ಒಳಗೆ ಕಾಲಿಡುವಾಗ ನಾವು ದಾಟುವ ಅಂಚನ್ನು ಗ್ಯಾರೇಜಿನವರು ರನ್ನಿಂಗ್ ಬೋರ್ಡ್ ಅಂತಲೋ ಸೈಡ್ ಸಿಲ್ ಅಂತಲೋ ಕರೆಯುತ್ತಾರೆ. ನನಗೆ ಅದು ಹೊಸ್ತಿಲು. ಮನೆಯ ಹೊಸ್ತಿಲಾದರೆ ಗಟ್ಟಿ ಮರ. ಇದು ಒಂದು ಮಿಲಿಮೀಟರಿಗಿಂತ ತೆಳುವಾದ ತಗಡನ್ನು ಮಡಿಸಿ ಮಾಡಿದ ಟೊಳ್ಳು ಪೆಟ್ಟಿಗೆ. ಮುಂದಿನ ಚಕ್ರ ಬಂಡೆ ಹತ್ತಿ ಇಳಿದಿರುತ್ತದೆ, ಹಿಂದಿನದು ಇನ್ನೂ ಅದನ್ನು ಮುಟ್ಟಿರುವುದಿಲ್ಲ, ಆ ಹೊತ್ತಿನಲ್ಲಿ ಬಂಡೆಯ ನೆತ್ತಿ ಸರಿಯಾಗಿ ಈ ತಗಡಿನ ಕೆಳಗೆ ಬರುತ್ತದೆ. ಗಾಡಿ ಒಮ್ಮೆ ಅದರ ಮೇಲೆ ಕೂತರೆ ಮುಗಿಯಿತು. ತಗಡು ಒಳಕ್ಕೆ ಹೋಗುತ್ತದೆ, ಬಾಗಿಲಿನ ಕೆಳ ಅಂಚು ಉಜ್ಜತೊಡಗುತ್ತದೆ, ಬಣ್ಣ ಬಿರಿದಲ್ಲಿಂದ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಟಿಂಕರಿಂಗ್‌ನವರು ಎಷ್ಟೇ ಚೆನ್ನಾಗಿ ಎಳೆದು ಕೂರಿಸಿದರೂ ಮೊದಲಿನ ನೇರ ಬರುವುದು ಅಪರೂಪ.

ನಮ್ಮ ಕಡೆಯ ಕಲ್ಲು ಸಾಮಾನ್ಯದ್ದಲ್ಲ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ರಾಮನಗರದ ಗ್ರಾನೈಟ್ ಬೆಟ್ಟಗಳಿಗೆ ಸುಮಾರು 250 ಕೋಟಿ. ಜೆ.ಪಿ. ನಗರದಿಂದ ಕನಕಪುರ ರಸ್ತೆ ಹಿಡಿದು ಹಾರೋಹಳ್ಳಿ ದಾಟಿ ಯಾರದೋ ತೋಟದ ಬಂಡಿದಾರಿಗೆ ಇಳಿದರೆ ಅದೇ ಕಲ್ಲು ಮಣ್ಣಿನಿಂದ ಬೆನ್ನು ಎತ್ತಿಕೊಂಡು ಮಲಗಿರುತ್ತದೆ. ಅದರ ಮುಂದೆ ಈ ತಗಡು ಎಷ್ಟರದು?

ಗಾಡಿ ಉದ್ದವಾದಷ್ಟೂ ಹೊಟ್ಟೆ ತಗಲುವುದು ಹೆಚ್ಚು. 1985ರಲ್ಲಿ ಬಂದ ಜಿಪ್ಸಿಯನ್ನು ಇವತ್ತಿಗೂ ಜೋಪಾನ ಮಾಡಿಕೊಂಡವರು ಜಯನಗರದಲ್ಲಿದ್ದಾರೆ. ಅದರ ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ 2375 ಮಿ.ಮೀ. 2023ರಲ್ಲಿ ಇಲ್ಲಿ ಮಾರಾಟಕ್ಕೆ ಬಂದ ಐದು ಬಾಗಿಲ ಜಿಮ್ನಿಯಲ್ಲಿ ಅದು 2590. ಹೊರದೇಶಗಳ ಮೂರು ಬಾಗಿಲ ಜಿಮ್ನಿ 28 ಡಿಗ್ರಿಯ ದಿಬ್ಬವನ್ನು ಹೊಟ್ಟೆ ತಾಗಿಸದೆ ದಾಟಿದರೆ, ನಮ್ಮದಕ್ಕೆ 24 ಡಿಗ್ರಿಯೇ ಮಿತಿ. ಹಿಂದಿನ ಸೀಟಿನಲ್ಲಿ ಕೂರುವ ಮನೆಮಂದಿಗೆ ಸಿಕ್ಕ ಜಾಗವನ್ನು ಬಂಡೆಯ ಮೇಲೆ ಹೊಸ್ತಿಲು ತೀರಿಸಬೇಕಾಗುತ್ತದೆ. ಅದಕ್ಕೇ ಬಾಗಿಲ ಕೆಳಗೊಂದು ಪೈಪು. ರಾಕ್ ಸ್ಲೈಡರ್ ಅನ್ನುವುದು ಅದರ ದೊಡ್ಡ ಹೆಸರು. ವೆಲ್ಡಿಂಗ್ ಅಂಗಡಿಯಲ್ಲಿ ‘ಸೈಡ್ ಪೈಪು’ ಅಂದರೆ ಸಾಕು.

ಬನಶಂಕರಿಯ ಕದಿರೇನಹಳ್ಳಿ ಕಡೆ, ಕಿಟಕಿ ಗ್ರಿಲ್ಲು, ಗೇಟು ಮಾಡುವ ಒಂದು ಚಿಕ್ಕ ಅಂಗಡಿಯಲ್ಲಿ ಇಂಥ ಜೋಡಿಯೊಂದು ತಯಾರಾಗುವುದನ್ನು ಎರಡು ದಿನ ಕೂತು ನೋಡಿದೆ. ಗಾಡಿ ಸ್ನೇಹಿತರ ಹಳೆಯ ಜಿಪ್ಸಿ. ಮೇಸ್ತ್ರಿ ಮೊದಲು ನೆಲಕ್ಕೆ ಗೋಣಿಚೀಲ ಹಾಸಿ, ಗಾಡಿಯ ಅಡಿಗೆ ಹೋಗಿ, ಟಾರ್ಚು ಹಿಡಿದು ಬಹಳ ಹೊತ್ತು ಸುಮ್ಮನೆ ನೋಡಿದರು. ಹೊರಗೆ ಬಂದು ಹೇಳಿದ್ದು ಒಂದೇ ಮಾತು: “ಸಾರ್, ಬಾಡಿಗೆ ಏನೂ ಹಿಡಿಸಲ್ಲ. ಎಲ್ಲಾ ಚಾಸಿಗೇ.”

ಈ ಕಸುಬಿನ ತಿರುಳು ಆ ಮಾತಿನಲ್ಲಿದೆ. ಇಂಥ ಗಾಡಿಗಳಲ್ಲಿ ಕೆಳಗೆ ಏಣಿಯಂಥ ಉಕ್ಕಿನ ಚಾಸಿ, ಅದರ ಮೇಲೆ ರಬ್ಬರ್ ಬುಷ್‌ಗಳ ಮೇಲೆ ಕೂತ ಬಾಡಿ. ದಾರಿ ಕೆಟ್ಟಂತೆ ಎರಡೂ ಬೇರೆ ಬೇರೆಯಾಗಿ ಅಲುಗುತ್ತವೆ. ಪೈಪನ್ನು ಹೊಸ್ತಿಲ ತಗಡಿಗೇ ಅಂಟಿಸಿದರೆ ಬಂಡೆಯ ಪೆಟ್ಟು ನೇರ ತಗಡಿಗೆ. ಪೈಪು ಇದ್ದೂ ಇಲ್ಲದಂತೆ. ಚಾಸಿಯಿಂದ ಕಾಲು ಚಾಚಿ ಅದರ ತುದಿಗೆ ಪೈಪು ಕೂರಿಸಿದರೆ ಇಡೀ ಗಾಡಿಯ ಭಾರ ಉಕ್ಕಿಗೆ ಇಳಿಯುತ್ತದೆ. ಪೈಪಿಗೂ ಹೊಸ್ತಿಲಿಗೂ ನಡುವೆ ಒಂದು ಇಂಚು ಖಾಲಿ ಜಾಗ ಇರಲೇಬೇಕು. ಏನೂ ಇಲ್ಲದ ಆ ಒಂದು ಇಂಚನ್ನು ಕಾಯಲಿಕ್ಕೇ ಉಳಿದ ಕೆಲಸವೆಲ್ಲ.

ಪೈಪು ಒಂದೂವರೆ ಇಂಚಿನ ‘ಸಿ ಕ್ಲಾಸ್’, ಕೆಂಪು ಪಟ್ಟಿಯದು. ಹೆಸರಿಗೆ ಒಂದೂವರೆ ಇಂಚು, ಹೊರಗಿನ ಅಳತೆ 48.3 ಮಿ.ಮೀ., ದಪ್ಪ 4 ಮಿ.ಮೀ. ಆರು ಮೀಟರಿನ ಒಂದು ಲೆಂತ್ ಸುಮಾರು 26 ಕೆ.ಜಿ. ತೂಗುತ್ತದೆ. ಎರಡೂ ಬದಿಗೆ ಒಂದೂವರೆ ಮೀಟರಿನಂತೆ ಉದ್ದ ಪೈಪು, ಬದಿಗೆ ಮೂರರಂತೆ ಒಂದೊಂದು ಅಡಿಯ ಕಾಲು, ಎಲ್ಲ ಸೇರಿ ಒಂದೇ ಲೆಂತ್‌ನಲ್ಲಿ ಮುಗಿದು ಚೂರು ಉಳಿಯುತ್ತದೆ. ತುಕ್ಕು ಹಿಡಿಯಬಾರದೆಂದು ಜಿಐ ಪೈಪು ತರುವವರಿದ್ದಾರೆ, ದಯವಿಟ್ಟು ಬೇಡ. ವೆಲ್ಡಿಂಗ್ ಬಿಸಿಗೆ ಸತುವಿನ ಲೇಪ ಬಿಳಿ ಹೊಗೆಯಾಗಿ ಏಳುತ್ತದೆ, ಅದನ್ನು ಕುಡಿದವರಿಗೆ ರಾತ್ರಿ ಚಳಿಜ್ವರ ಬರಬಹುದು. ಬೇರೆಯವರ ಶ್ವಾಸಕೋಶದ ಲೆಕ್ಕದಲ್ಲಿ ನಮ್ಮ ಗಾಡಿಯ ತುಕ್ಕು ತಪ್ಪಿಸುವುದು ಸರಿಯಲ್ಲ. ಕರಿ ಪೈಪೇ ಸರಿ.

ಕಾಲುಗಳನ್ನು ಚಾಸಿಯ ಅಡ್ಡಪಟ್ಟಿಗಳ ಹತ್ತಿರಕ್ಕೇ ಗುರುತು ಹಾಕಿದರು, ಚಾಸಿ ಅಲ್ಲಿ ಸುಲಭಕ್ಕೆ ತಿರುಚಿಕೊಳ್ಳುವುದಿಲ್ಲ. ಒಂದು ಟನ್ನಿನ ಗಾಡಿಯ ಅರ್ಧ ಭಾರ ಪೈಪಿನ ಮೇಲೆ ಬಿತ್ತೆನ್ನಿ. ಆ ಐನೂರು ಕೆ.ಜಿ. ಒಂದು ಅಡಿ ದೂರದಿಂದ, ಸನ್ನೆಕೋಲಿನ ಹಾಗೆ, ಚಾಸಿಯನ್ನು ಮೀಟುತ್ತದೆ. ಅದಕ್ಕೆ ಕಾಲು ಎಷ್ಟು ಗಿಡ್ಡವಾದರೆ ಅಷ್ಟು ಒಳ್ಳೆಯದು. ಕಾಲಿನ ಬುಡಕ್ಕೆ 6 ಮಿ.ಮೀ. ಪ್ಲೇಟು, ಚಾಸಿಯ ಒಳಮಗ್ಗುಲಿಗೆ ಇನ್ನೊಂದು. ಎರಡರ ನಡುವೆ ಚಾಸಿ. ಮೇಲೆ ಎರಡು, ಕೆಳಗೆ ಎರಡು 12 ಮಿ.ಮೀ. ಬೋಲ್ಟು ಹಾಯಿಸಿ ಬಿಗಿದರೆ ಚಾಸಿಗೆ ತೂತೂ ಬೇಡ, ವೆಲ್ಡಿಂಗೂ ಬೇಡ. ನೇರ ಚಾಸಿಗೆ ವೆಲ್ಡ್ ಮಾಡಿದರೆ ಇನ್ನೂ ಗಟ್ಟಿ ಅನ್ನುವವರ ಮಾತು ಸುಳ್ಳಲ್ಲ. ಆದರೂ ನಾನು ಬೋಲ್ಟಿನ ಪರ. ದಿನವೂ ರಸ್ತೆಯಲ್ಲಿ ಓಡುವ ಗಾಡಿಯ ಬೆನ್ನುಮೂಳೆಗೆ ಬೆಂಕಿ ತಾಗಿಸುವುದು ನನಗೆ ಒಪ್ಪಿಗೆಯಿಲ್ಲ, ಬೇಡವೆಂದಾಗ ಬಿಚ್ಚಿಡಲೂ ಬರುತ್ತದೆ. ಕಾನೂನಿನ ಮಾತೂ ಇದೆ: ಮುಂದಿನ ಬುಲ್ ಬಾರ್‌ಗಳ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಪಕ್ಕದ ಪೈಪು ಹಾಕಿಸುವ ಮುನ್ನವೂ ಆರ್‌ಟಿಒ ಕಚೇರಿಯಲ್ಲಿ ಒಂದು ಮಾತು ಕೇಳುವುದು ಕ್ಷೇಮ.

ನಾನು ಕಣ್ಣು ಕೀಳದೆ ನೋಡಿದ್ದು ಕಾಲಿನ ತುದಿ ಕತ್ತರಿಸಿದ್ದನ್ನು. ದುಂಡು ಪೈಪಿಗೆ ದುಂಡು ಪೈಪನ್ನು ಎದುರಿಟ್ಟರೆ ಮುಟ್ಟುವುದು ಎರಡೇ ಕಡೆ, ಮಿಕ್ಕಲ್ಲೆಲ್ಲ ಸಂದು. ಆ ಸಂದಿಗೆ ರಾಡು ಕರಗಿಸಿ ತುಂಬಿದರೆ ನೋಡಲಿಕ್ಕೆ ವೆಲ್ಡಿಂಗು, ಒಳಗೆ ಪೊಳ್ಳು. ತುದಿಯನ್ನು ಬಾಯಿ ತೆರೆದ ಮೀನಿನಂತೆ ಕತ್ತರಿಸಿದರೆ ಒಂದು ಇನ್ನೊಂದನ್ನು ಕಚ್ಚಿಕೊಂಡು ಕೂರುತ್ತದೆ. ಮೇಸ್ತ್ರಿ ಒಂದು ಹಳೆಯ ಮದುವೆ ಕಾಗದ ತೆಗೆದು ಪೈಪಿಗೆ ಸುತ್ತಿ, ಸುತ್ತಳತೆಯನ್ನು ನಾಲ್ಕು ಭಾಗ ಮಾಡಿ, ಎರಡು ದಿಬ್ಬ ಎರಡು ತಗ್ಗು ಇರುವ ಅಲೆಯೊಂದನ್ನು ಬರಿಗೈಯಲ್ಲಿ ಎಳೆದರು. ಕಾಗದ ಕತ್ತರಿಸಿ, ಮತ್ತೆ ಪೈಪಿಗೆ ಸುತ್ತಿ, ಅಂಚಿನಗುಂಟ ಸೀಮೆಸುಣ್ಣ ಓಡಿಸಿದರು. ಗ್ರೈಂಡರಿನಲ್ಲಿ ಕಟಿಂಗ್ ವೀಲ್‌ನಿಂದ ಎರಡು ಓರೆ ಕೊಯ್ತ, ಆಮೇಲೆ ಅಂಚನ್ನು ಸವರುತ್ತಾ ಸವರುತ್ತಾ ಐದಾರು ಸಲ ಇಟ್ಟು ನೋಡುವುದು. ಕೊನೆಯ ಸಲ ಬೆಳಕಿಗೆ ಹಿಡಿದಾಗ ಎರಡು ಪೈಪುಗಳ ನಡುವೆ ಕೂದಲೆಳೆಯಷ್ಟೂ ಬೆಳಕು ಹಾಯಲಿಲ್ಲ. ಮದುವೆಯ ಗಂಡುಹೆಣ್ಣಿನ ಹೆಸರಿದ್ದ ಆ ಕಾಗದವನ್ನೇ ಉಳಿದ ಐದು ಕಾಲಿಗೂ ಬಳಸಿದರು.

ಆಮೇಲೆ ಟ್ಯಾಕ್ ಹೊಡೆಯುವುದು, ಅಂದರೆ ಬಟ್ಟೆಗೆ ಓಡುಹೊಲಿಗೆ ಹಾಕಿದಂತೆ ಅಲ್ಲಲ್ಲಿ ಒಂದು ಚುಕ್ಕೆ. ಬ್ಯಾಟರಿಯ ಎರಡೂ ಟರ್ಮಿನಲ್ ಬಿಚ್ಚಿ, ಬ್ರೇಕ್ ಪೈಪು, ಪೆಟ್ರೋಲ್ ಪೈಪುಗಳ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಪ್ಲೇಟುಗಳನ್ನು ಬಿಗಿದ ಮೇಲೇ ಬೆಂಕಿ. ಕಾಲುಗಳು ಹೊರಕ್ಕೆ ಹೋದಂತೆ ಹದಿನೈದು ಡಿಗ್ರಿಯಷ್ಟು ಮೇಲಕ್ಕೆ ಏರಿದವು. ಹಾಗಿದ್ದರೆ ನೆಲದಿಂದ ಗಾಡಿಯ ಎತ್ತರ ಕಮ್ಮಿಯಾಗದು, ಪೈಪು ಹೊಸ್ತಿಲ ಮಗ್ಗುಲಲ್ಲೇ ಕೂರುತ್ತದೆ. ಬಾಗಿಲಿಗಿಂತ ಎರಡು ಬೆರಳು ಹೊರಗಿರುವುದರಿಂದ ಗಾಡಿ ಪಕ್ಕಕ್ಕೆ ವಾಲಿದರೂ ಕಲ್ಲಿಗೆ ಮೊದಲು ಸಿಗುವುದು ಪೈಪು. ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಟೈರು ಪೈಪಿನ ತುದಿಗೆ ತಾಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡರು.

ಪೂರ್ತಿ ವೆಲ್ಡಿಂಗ್ ಆದದ್ದು ಗಾಡಿಯಿಂದ ಬಿಚ್ಚಿ ನೆಲದ ಮೇಲಿಟ್ಟು. ಕರಗಿದ ಲೋಹ ಆರುತ್ತಾ ಕುಗ್ಗುತ್ತದೆ, ಕುಗ್ಗುತ್ತಾ ಪೈಪನ್ನು ತನ್ನ ಕಡೆಗೆ ಎಳೆಯುತ್ತದೆ. ಒಂದೇ ಕಡೆ ಒಂದೇ ಸಮ ಹೊಡೆದರೆ ಒಂದೂವರೆ ಮೀಟರಿನ ಪೈಪು ಬಿಲ್ಲಾಗಿಬಿಡುತ್ತದೆ. ಮೊದಲ ಕಾಲಿಗೆ ಒಂದು ಇಂಚು, ಎದ್ದು ಮೂರನೆಯದಕ್ಕೆ ಒಂದು ಇಂಚು, ಮತ್ತೆ ನಡುವಿನದರ ಹಿಂಬದಿಗೆ. ಕಿಟ್ಟ ಕೊಡವಿದಾಗಲೆಲ್ಲ ಕೆಳಗೆ ನಾಣ್ಯ ಜೋಡಿಸಿ ವಾಲಿಸಿದಂಥ ಸಾಲು. ಪ್ರತಿ ಸಲವೂ ದಾರ ಹಿಡಿದು ನೇರ ನೋಡುತ್ತಿದ್ದರು. ಗೇಟಿನ ಕಂಬಿಗಳನ್ನು ನೇರ ನಿಲ್ಲಿಸಿ ನಿಲ್ಲಿಸಿ ಬಂದ ಅಭ್ಯಾಸ ಇದು. ಜಯನಗರದ ಎಷ್ಟೋ ಮನೆಗಳ ಗೇಟು ಇಷ್ಟು ವರ್ಷವಾದರೂ ಜೋಲದೆ ಮುಚ್ಚುವುದರ ಗುಟ್ಟು ಅಲ್ಲಿ ನನಗೆ ತಿಳಿಯಿತು.

ಪೈಪಿನ ಎರಡೂ ಬಾಯಿಗೆ ದುಂಡು ಬಿಲ್ಲೆ ಮುಚ್ಚಿ, ಒಳಗೆ ಕೂತ ನೀರು ಇಳಿಯಲೆಂದು ಕೆಳಗೊಂದು ಚಿಕ್ಕ ತೂತು ಕೊರೆದರು. ಪೌಡರ್ ಕೋಟಿಂಗ್ ಬೇಡವೆಂದದ್ದು ನನಗೆ ಹಿಡಿಸಿತು. ಕಲ್ಲಿಗೆ ಕೆರೆದುಕೊಳ್ಳಲೆಂದೇ ಇರುವ ಪೈಪಿದು, ಕೆರೆದಲ್ಲಿ ಮನೆಯಲ್ಲೇ ಬ್ರಷ್ಷಿನಿಂದ ಸವರುವಂತಿರಬೇಕು.

ಎರಡನೆಯ ದಿನ ಸಂಜೆ ಬೋಲ್ಟು ಬಿಗಿದು, ಪೈಪಿನ ನಡುವಿಗೆ ಜಾಕ್ ಕೊಟ್ಟು ಎತ್ತಿದರು. ಒಂದು ಬದಿಯ ಎರಡೂ ಚಕ್ರ ನೆಲ ಬಿಟ್ಟವು. ಇಡೀ ಮಗ್ಗುಲಿನ ಭಾರ ಪೈಪಿನ ಮೇಲಿದ್ದಾಗಲೇ ಮೇಸ್ತ್ರಿ ಮಂಡಿಯೂರಿ, ಒಂದು ಇಂಚಿನ ಮರದ ರೀಪರ್ ಚೂರನ್ನು ಪೈಪಿಗೂ ಹೊಸ್ತಿಲಿಗೂ ನಡುವೆ ತೂರಿಸಿ ಈ ತುದಿಯಿಂದ ಆ ತುದಿಯವರೆಗೆ ಎಳೆದರು. ಎಲ್ಲೂ ತಡೆಯದೆ ಹೋಯಿತು. ಚೂರನ್ನು ಜೇಬಿಗೆ ಹಾಕಿಕೊಂಡು ಜಾಕ್ ಇಳಿಸಿ, ಹುಡುಗನಿಗೆ ರೆಡ್ ಆಕ್ಸೈಡ್ ಡಬ್ಬಿ ತರಲು ಹೇಳಿದರು.