ತೊಂಬತ್ತೆಂಟಕ್ಕೆ ಕುದಿಯುವ ನೀರು

ಕಲಘಟಗಿಯ ಹೆಸರನ್ನು ಕೇಳಿದೊಡನೆ ಬಣ್ಣದ ತೊಟ್ಟಿಲುಗಳು ಕಣ್ಣಿಗೆ ಕಟ್ಟುವುದು ಸಹಜ. ಅವುಗಳನ್ನು ಕುರಿತು ಬರೆದವರೂ ಬಹುಮಂದಿ. ಆದರೆ ಅದೇ ತಾಲೂಕಿನ ತಂಬೂರದಲ್ಲಿ, ಬಸವಣ್ಣನ ದರ್ಶನಕ್ಕೆ ಬಂದು ಹೋಗುವವರ ಗಮನಕ್ಕೆ ಬಾರದಂತೆ, ತಗಡಿನ ಮಾಡಿನ ಕೆಳಗೆ ನಡೆಯುತ್ತಿರುವ ಇನ್ನೊಂದು ಕೈಗೆಲಸವು ನನ್ನನ್ನು ಅಲ್ಲಿಗೆ ಸೆಳೆಯಿತು. ಎಂಜಿನ್ನಿನ ಉಷ್ಣಮಾನವನ್ನು ಅಳೆಯತಕ್ಕ ಸೆನ್ಸರುಗಳನ್ನು ಸ್ವಹಸ್ತದಿಂದ ರಚಿಸಿ, ಅವುಗಳಿಗೆ ತಂತಿ ಕೂಡಿಸಿ, ಅವು ಹೇಳುವುದು ದಿಟವೇ ಎಂದು ಪರೀಕ್ಷಿಸಿ, ತರುವಾಯವೇ ಅವನ್ನು ಎಂಜಿನ್ನನ್ನು ಆಳುವ ಇಸಿಯು ಎಂಬ ಪೆಟ್ಟಿಗೆಗೆ ಒಪ್ಪಿಸುವ ಕೆಲಸವದು. ಅದನ್ನು ಮಾಡುವವರು ತಮ್ಮ ಹೆಸರನ್ನು ಅಚ್ಚು ಹಾಕಿಸಬಾರದೆಂದು ಕೇಳಿಕೊಂಡುದರಿಂದ, ಊರವರು ಕರೆಯುವಂತೆ ಮಿಸ್ತ್ರಿ ಎಂದಷ್ಟೇ ಇಲ್ಲಿ ಕರೆಯುತ್ತೇನೆ.

ಮಿಸ್ತ್ರಿಯ ಮುಂದಿರುವುದು ಹಳೆಯ ಮಾರುತಿ 800ರ ಎಂಜಿನ್ನು: ಮೂರು ಸಿಲಿಂಡರು, 796 ಸಿಸಿ. 1983ರಲ್ಲಿ ಮಾರುಕಟ್ಟೆಗೆ ಬಂದ ಆ ವಾಹನಕ್ಕೆ ಮೊದಲಿದ್ದುದು ಕಾರ್ಬ್ಯುರೇಟರು. ಅದನ್ನು ಕಳಚಿ, ಇಂಧನವನ್ನು ಚಿಮ್ಮಿಸುವ ಇಂಜೆಕ್ಟರುಗಳನ್ನು ಕೂಡಿಸಿ, ಆರ್ಡುಯಿನೊ ಫಲಕದ ಮೇಲೆ ನಡೆಯುವ ಸ್ಪೀಡುಯಿನೊ ಎಂಬ, ಯಾರು ಬೇಕಾದರೂ ಕಟ್ಟಿಕೊಳ್ಳಬಹುದಾದ ಇಸಿಯುವನ್ನು ಅಳವಡಿಸುವ ಸಾಹಸ ಅವರದು. ಎಂಜಿನ್ನು ತಣ್ಣಗಿರುವಾಗ ಪೆಟ್ರೋಲು ಸರಿಯಾಗಿ ಆವಿಯಾಗದಾದುದರಿಂದ ಹೆಚ್ಚು ಇಂಧನ ಬೇಕು. ಹಿಂದೆ ಚಾಲಕನು ಚೋಕ್ ಎಳೆದು ಮಾಡುತ್ತಿದ್ದುದನ್ನು ಈಗ ಇಸಿಯು ತಾನೇ ಮಾಡಬೇಕಾದರೆ, ಕೂಲಂಟಿನ ಕಾವೆಷ್ಟು, ಒಳಗೆ ಬರುವ ಗಾಳಿಯ ಕಾವೆಷ್ಟು ಎಂಬುದು ಅದಕ್ಕೆ ತಿಳಿಯಬೇಕು. ಅದನ್ನು ತಿಳಿಸುವುದು ಥರ್ಮಿಸ್ಟರು.

ಥರ್ಮಿಸ್ಟರೆಂದರೆ ಮ್ಯಾಂಗನೀಸು, ನಿಕ್ಕಲು ಮೊದಲಾದ ಲೋಹಗಳ ಆಕ್ಸೈಡುಗಳನ್ನು ಸುಟ್ಟು ಮಾಡಿದ, ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ ಒಂದು ಮಣಿ. ಕಾವು ಏರಿದಂತೆ ಅದರ ವಿದ್ಯುತ್‌ರೋಧವು ಇಳಿಯುತ್ತದೆ. ಈ ಗುಣವನ್ನು 1833ರಲ್ಲಿ ಬೆಳ್ಳಿಯ ಸಲ್ಫೈಡಿನಲ್ಲಿ ಮೊದಲು ಗುರುತಿಸಿದವನು ಮೈಕೆಲ್ ಫ್ಯಾರಡೆ. ಅದು ಉಪಯೋಗದ ವಸ್ತುವಾದುದು 1930ರ ಸುಮಾರಿಗೆ ಅಮೆರಿಕದ ಸ್ಯಾಮ್ಯುಯೆಲ್ ರೂಬೆನ್ನನಿಂದ. 1967ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯು ಫೋಕ್ಸ್‌ವಾಗನ್ ಕಾರಿಗೆ ಇಂತಹ ಸೆನ್ಸರುಗಳ ಮಾತು ಕೇಳಿ ನಡೆಯುವ ವಿದ್ಯುನ್ಮಾನದ ಇಂಧನವ್ಯವಸ್ಥೆಯನ್ನು ಅಳವಡಿಸಿತು. ನಮ್ಮ ಹಳ್ಳಿಗಳ ಮೆಕ್ಯಾನಿಕರ ಬಾಗಿಲಿಗೆ ಈ ವಿದ್ಯೆ ಬಲವಂತವಾಗಿ ಬಂದು ನಿಂತದ್ದು 2020ರ ಏಪ್ರಿಲಿನಲ್ಲಿ, ಬಿಎಸ್ 6 ನಿಯಮ ಜಾರಿಗೆ ಬಂದು ಸಾಮಾನ್ಯ ಮೋಟಾರ್ ಸೈಕಲ್ಲುಗಳಿಗೂ ಸೆನ್ಸರುಗಳು ಹೊಕ್ಕಾಗ.

ಮಣಿಯನ್ನು ಟೊಳ್ಳು ಕೊರೆದ ಹಿತ್ತಾಳೆಯ ಬೋಲ್ಟಿನೊಳಗಿಟ್ಟು ಅಂಟಿನಿಂದ ಭದ್ರಪಡಿಸುವುದು ಅರ್ಧ ದಿನದ ಕೆಲಸ. ಅದರಲ್ಲಿ ವಿಶೇಷವೇನೂ ಇಲ್ಲ. ವಿಶೇಷವಿರುವುದು ಅನಂತರದ ಪರೀಕ್ಷೆಯಲ್ಲಿ. ಪೇಟೆಯಲ್ಲಿ ಸುಲಭವಾಗಿ ದೊರೆಯುವ ಮಣಿಯು 25 ಡಿಗ್ರಿಯಲ್ಲಿ 10,000 ಓಮ್ ತೋರಿಸುತ್ತದೆಂದು ಹೆಸರು. ಆದರೆ ಮಣಿಮಣಿಗೂ ವ್ಯತ್ಯಾಸವುಂಟು. ಆದಕಾರಣ ಪ್ರತಿಯೊಂದನ್ನೂ ಮೂರು ಕಾವುಗಳಲ್ಲಿ ಅಳೆದು, ಆ ಮೂರು ಅಂಕಿಗಳಿಂದ ಇಡೀ ವಕ್ರರೇಖೆಯನ್ನು ಎಳೆಯಬೇಕು. ಇದರ ಸೂತ್ರವನ್ನು 1968ರಲ್ಲಿ ಸ್ಟೈನ್‌ಹಾರ್ಟ್ ಮತ್ತು ಹಾರ್ಟ್ ಎಂಬ ವಿದ್ವಾಂಸರು ಸಮುದ್ರವಿಜ್ಞಾನದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು.

ಮೊದಲನೆಯದು ಶೂನ್ಯ. ಕಾರವಾರದ ರಸ್ತೆಯಲ್ಲಿ ಬರುವ ಮೀನಿನ ಪೆಟ್ಟಿಗೆಗಳಲ್ಲಿ ಬರ್ಫ ಧಾರಾಳವಾಗಿದ್ದರೂ ಮಿಸ್ತ್ರಿ ಅದನ್ನು ಮುಟ್ಟುವುದಿಲ್ಲ. ಉಪ್ಪು ಬೆರೆತ ಬರ್ಫ ಶೂನ್ಯಕ್ಕಿಂತ ಕೆಳಗೆ ಇಳಿಯುತ್ತದೆ. ಶುದ್ಧ ನೀರಿನ ಬರ್ಫವನ್ನು ಪುಡಿ ಮಾಡಿ, ತಣ್ಣೀರು ಸ್ವಲ್ಪ ಸೇರಿಸಿ, ಥರ್ಮಾಸಿನಲ್ಲಿ ಹಾಕಿ, ಮಣಿಯನ್ನು ಇಳಿಬಿಟ್ಟು, ಮಲ್ಟಿಮೀಟರಿನ ಅಂಕಿ ನಿಲ್ಲುವ ತನಕ ಕಾಯುತ್ತಾರೆ. ಸುಮಾರು ಮೂವತ್ಮೂರು ಸಾವಿರ ಓಮ್ ಬಂದೀತು. ಎರಡನೆಯದು ಪಾದರಸದ ಥರ್ಮಾಮೀಟರನ್ನು ಜೊತೆಗಿರಿಸಿ ಕಲಕುತ್ತಲೇ ಅಳೆಯುವ ಬಿಸಿನೀರು. ಮೂರನೆಯದು ಕುದಿಯುವ ನೀರು. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಇದೇ.

“ನೀರು ಕುದೀತು ಅಂದ್ರ ನೂರು ಆತು ಅಂತ ಬರ್ಕೋಬ್ಯಾಡ್ರಿ,” ಎಂದರು ಮಿಸ್ತ್ರಿ. “ನಮ್ಮ ಕಡೆ ನೀರು ನೂರಕ್ಕ ಕುದಿಯಂಗಿಲ್ಲ.”

ಸಮುದ್ರಮಟ್ಟದಿಂದ ಪ್ರತಿ ಮುನ್ನೂರು ಮೀಟರ್ ಮೇಲೇರಿದಂತೆ ನೀರಿನ ಕುದಿಬಿಂದುವು ಸರಿಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಆರುನೂರು ಮೀಟರಿಗೂ ಮೇಲಿರುವ ಹುಬ್ಬಳ್ಳಿಯಲ್ಲಿಯೂ, ಅದಕ್ಕಿಂತ ತುಸು ತಗ್ಗಿನಲ್ಲಿರುವ ಈ ಸೀಮೆಯಲ್ಲಿಯೂ ನೀರು ಕುದಿಯುವುದು ತೊಂಬತ್ತೆಂಟರ ಆಸುಪಾಸಿನಲ್ಲಿ. ಎರಡು ಡಿಗ್ರಿ ಅಲ್ಪವೆಂದು ತೋರಬಹುದು. ಆದರೆ ನೂರರಲ್ಲಿ ಸುಮಾರು 700 ಓಮ್ ಇರಬೇಕಾದ ಮಣಿಯು ತೊಂಬತ್ತೆಂಟರಲ್ಲಿ ಸುಮಾರು 740 ತೋರಿಸುತ್ತದೆ. ಅದನ್ನೇ ನೂರರ ಅಂಕಿಯೆಂದು ಇಸಿಯುವಿಗೆ ಕೊಟ್ಟರೆ ಕಾದ ಎಂಜಿನ್ನಿನ ವಿಷಯದಲ್ಲಿ ಅದು ಬದುಕಿರುವಷ್ಟು ಕಾಲವೂ ತಪ್ಪನ್ನೇ ನಂಬುತ್ತದೆ. ಪುಸ್ತಕದ ನೂರನ್ನು ಬದಿಗಿರಿಸಿ ತನ್ನ ನೆಲದ ತೊಂಬತ್ತೆಂಟನ್ನು ಅಳೆದು ತಿಳಿದ ಈ ವಿವೇಕವನ್ನು ನಾನು ಯಾವ ಪ್ರಯೋಗಶಾಲೆಯ ಪಾಂಡಿತ್ಯಕ್ಕೂ ಕಡಿಮೆಯೆಂದು ಎಣಿಸಲಾರೆ.

ತಂತಿ ಜೋಡಿಸುವುದರಲ್ಲಿಯೂ ಅದೇ ನಿಷ್ಠೆ. ಇಸಿಯುವಿನ ಐದು ವೋಲ್ಟು 2,490 ಓಮಿನ ರೆಸಿಸ್ಟರಿನ ಮೂಲಕ ಮಣಿಗೆ ಬರುತ್ತದೆ. ನಡುವಿನ ವೋಲ್ಟೇಜನ್ನು ಓದಿ ಇಸಿಯು ಕಾವನ್ನು ತಿಳಿಯುತ್ತದೆ. ಮಣಿಯ ಮರಳುತಂತಿಯನ್ನು ಅನೇಕರು ಹತ್ತಿರದ ಎಂಜಿನ್ನಿಗೇ ಬಿಗಿದುಬಿಡುತ್ತಾರೆ. ಆದರೆ ಅದೇ ಲೋಹದಲ್ಲಿ ಸ್ಟಾರ್ಟರಿನ, ಸ್ಪಾರ್ಕಿನ ಪ್ರವಾಹಗಳೂ ಹರಿಯುವುದರಿಂದ, ನೂರು ಮಿಲಿವೋಲ್ಟಿನಷ್ಟು ಏರುಪೇರಾದರೂ ಬಿಸಿ ಎಂಜಿನ್ನಿನಲ್ಲಿ ಲೆಕ್ಕವು ಸುಮಾರು ನಾಲ್ಕು ಡಿಗ್ರಿ ತಪ್ಪುತ್ತದೆ. ಮಿಸ್ತ್ರಿ ಎರಡು ತಂತಿಗಳನ್ನೂ ಹುರಿಗೊಳಿಸಿ, ಸ್ಪಾರ್ಕಿನ ವಯರಿನಿಂದ ದೂರ ಸಾಗಿಸಿ, ಇಸಿಯುವಿಗೇ ಮರಳಿ ತರುತ್ತಾರೆ. ತಂತಿಯೊಂದು ಹರಿದರೆ ರೋಧವು ಅಪಾರವಾಗಿ, ಇಸಿಯು ಘೋರ ಚಳಿಯೆಂದು ಭಾವಿಸಿ ಪೆಟ್ರೋಲು ಸುರಿಯುತ್ತದೆ. ಪ್ಲಗ್ಗುಗಳು ಮಸಿಯಿಂದ ಕಪ್ಪಾಗಿ ಎಂಜಿನ್ನು ನಿಲ್ಲುತ್ತದೆ.

ಈ ವಿದ್ಯೆಗೆ ಶಾಲೆಯಿಲ್ಲ. ಹುಬ್ಬಳ್ಳಿಯಲ್ಲಿ 1947ರಿಂದ ಭೂಮರಡ್ಡಿ ತಾಂತ್ರಿಕ ಮಹಾವಿದ್ಯಾಲಯವಿದೆ, ಅದೀಗ ವಿಶ್ವವಿದ್ಯಾಲಯವೂ ಆಗಿದೆ. ಧಾರವಾಡದಲ್ಲಿ ವಾಹನ ಕಾರ್ಖಾನೆಯೂ ಇದೆ. ಇವುಗಳ ನಡುವೆ, ಹಳ್ಳಿಯ ಗ್ಯಾರೇಜಿನಲ್ಲಿ ದುಡಿಯುವ ಹುಡುಗನಿಗೆ ಒಂದು ಮಣಿ, ಒಂದು ಮೀಟರು, ಒಂದು ಥರ್ಮಾಸನ್ನು ಕೊಟ್ಟು ಅಳತೆಯನ್ನು ಕಲಿಸುವ ವ್ಯವಸ್ಥೆಯೊಂದು ಕಲಘಟಗಿಯಂತಹ ಊರುಗಳಲ್ಲಿ ಏಕಿರಬಾರದು? ವಿದ್ಯುತ್ ವಾಹನಗಳು ಬಂದರೆ ಇದೆಲ್ಲ ವ್ಯರ್ಥವೆನ್ನುವವರಿಗೆ ಹೇಳಬೇಕಾದ ಮಾತೊಂದಿದೆ: ಅವುಗಳ ಬ್ಯಾಟರಿಗಳ ಕಾವನ್ನು ಕಾಯುವುದೂ ಇದೇ ಬಗೆಯ ಥರ್ಮಿಸ್ಟರು.

ಪ್ರತಿ ಮಣಿಯ ಮೂರು ಅಂಕಿಗಳನ್ನೂ ಮಿಸ್ತ್ರಿ ಒಂದು ನೋಟುಬುಕ್ಕಿನಲ್ಲಿ ದಿನಾಂಕಸಹಿತ ಬರೆದಿಟ್ಟಿದ್ದಾರೆ. ಕೇಳಿದವರಿಗೆ ನಕಲು ಮಾಡಿಕೊಳ್ಳಲು ಕೊಡುತ್ತಾರಂತೆ. ಅವರ ಕೈಕೆಳಗೆ ಕಲಿತ ಹುಡುಗರಿಬ್ಬರು ಈಗ ಪುಣೆಯಲ್ಲಿದ್ದಾರೆ. ಅಲ್ಲಿ ಸೆನ್ಸರುಗಳು ಮೊಹರು ಹಾಕಿದ ಡಬ್ಬಿಗಳಲ್ಲಿ ಬರುವುದರಿಂದ ಅವರಿಗೆ ಬರ್ಫದ ಅಗತ್ಯ ಬೀಳುವುದಿಲ್ಲ. ನಕಲು ಕೇಳಲು ಇದುವರೆಗೆ ಯಾರೂ ಬಂದಿಲ್ಲ.